ಬಳ್ಳಾರಿ ಬಿಸಿಲಿಗೆ ವಿಮಾನದ ಇಗ್ನಿಷನ್: ಮ್ಯಾಗ್ನೆಟೋ ಇರಲೋ, ಎಲೆಕ್ಟ್ರಾನಿಕ್ ಬರಲೋ?

ಹಳೆಯ ಲೂನಾ ಓಡಿಸಿದವರಿಗೆ ನೆನಪಿರಬಹುದು, ಅದರ ಕಿಡಿಗೆ ಬ್ಯಾಟರಿಯ ಹಂಗಿರಲಿಲ್ಲ. ಪೆಡಲ್ ತುಳಿದರೆ ಫ್ಲೈವೀಲಿನ ಆಯಸ್ಕಾಂತ ಕಾಯಿಲ್ ಮುಂದೆ ಸುತ್ತಿ, ಪಾಯಿಂಟ್ ಬಿಡುವ ಗಳಿಗೆಗೆ ಸರಿಯಾಗಿ ಪ್ಲಗ್‌ನಲ್ಲಿ ಕಿಡಿ ಹಾರುತ್ತಿತ್ತು. ತುಂಗಭದ್ರಾ ಕಾಲುವೆ ಬದಿಯ ಗದ್ದೆಗೆ ನೀರೆತ್ತುತ್ತಿದ್ದ ಸಣ್ಣ ಸೀಮೆಎಣ್ಣೆ ಪಂಪ್‌ಸೆಟ್ಟಿಗೂ ಇದೇ ಲೆಕ್ಕ, ಹಗ್ಗ ಎಳೆದರೆ ಸಾಕು. ಹೀಗೆ ಆಯಸ್ಕಾಂತ ತಿರುಗಿಸಿ ಕಿಡಿ ಹುಟ್ಟಿಸುವ ಸಾಧನವೇ ಮ್ಯಾಗ್ನೆಟೋ. ಸಣ್ಣ ವಿಮಾನಗಳ ಲೈಕಮಿಂಗ್, ಕಾಂಟಿನೆಂಟಲ್ ಎಂಜಿನ್ನುಗಳ ಹಿಂಬದಿಯಲ್ಲಿ ಜೋಡಿಯಾಗಿ ಕೂತಿರುವ ಮ್ಯಾಗ್ನೆಟೋಗಳು ಆ ಪಂಪ್‌ಸೆಟ್ಟಿನ ಮ್ಯಾಗ್ನೆಟೋಗೆ ದೊಡ್ಡಣ್ಣ ಇದ್ದಂತೆ. ನಾಲ್ಕು ಸಿಲಿಂಡರ್, ಎಂಟು ಪ್ಲಗ್, ಎರಡು ಮ್ಯಾಗ್ನೆಟೋ. ಒಂದು ಕೈಕೊಟ್ಟರೆ ಇನ್ನೊಂದು ಮನೆ ಮುಟ್ಟಿಸುತ್ತದೆ. ವಿಮಾನದ ಬ್ಯಾಟರಿ, ಆಲ್ಟರ್ನೇಟರ್, ವೈರಿಂಗ್ ಎಲ್ಲ ಸುಟ್ಟುಹೋದರೂ ಎಂಜಿನ್ ತಿರುಗುತ್ತಿರುವಷ್ಟು ಹೊತ್ತು ಕಿಡಿ ಇದ್ದೇ ಇರುತ್ತದೆ.

ಕೈಯಾರೆ ವಿಮಾನ ಕಟ್ಟುವವರು ಎಲೆಕ್ಟ್ರಾನಿಕ್ ಇಗ್ನಿಷನ್, ಅಂದರೆ ಸರ್ಕ್ಯೂಟಿನ ಪೆಟ್ಟಿಗೆಯಿಂದ ಕಿಡಿ ಹೊಡೆಸುವ ವ್ಯವಸ್ಥೆಯ ಕಡೆ ತಿರುಗುವಾಗ ಕೈಬಿಡುತ್ತಿರುವುದು ಈ ಸ್ವಾವಲಂಬನೆಯನ್ನು. ಕ್ಯಾಟಲಾಗಿನಲ್ಲಿ ಇಂಧನ ಉಳಿತಾಯ, ಸುಲಭ ಸ್ಟಾರ್ಟ್, ನಯವಾದ ಓಟ ಎಂದೆಲ್ಲ ಬರೆದಿರುತ್ತದೆ, ಬಹುಪಾಲು ನಿಜವೂ ಹೌದು. ಆದರೆ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ವಿಮಾನದಲ್ಲಿ ಕರೆಂಟು ಪೂರ್ತಿ ಹೋದ ಗಳಿಗೆಯಲ್ಲಿ ಈ ಪೆಟ್ಟಿಗೆಗೆ ವಿದ್ಯುತ್ ಎಲ್ಲಿಂದ ಬರುತ್ತದೆ? ಬಳ್ಳಾರಿ, ರಾಯಚೂರು, ಕೊಪ್ಪಳದಂಥ ಕಡೆ ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಇದೆ: ಏಪ್ರಿಲ್ ಮಧ್ಯಾಹ್ನ ಎಂಜಿನ್ ಮುಚ್ಚುವ ಕವಚ, ಅಂದರೆ ಕೌಲಿಂಗ್ ಒಳಗಿನ ಬಿಸಿಯನ್ನು ಅದು ತಡೆದುಕೊಳ್ಳುತ್ತದೆಯೇ?

25 ಡಿಗ್ರಿಯ ಗುಟ್ಟು

ಮ್ಯಾಗ್ನೆಟೋದ ದೊಡ್ಡ ಕೊರತೆ ಟೈಮಿಂಗ್. ಲೈಕಮಿಂಗ್ ಓ-320, ಓ-360 ಎಂಜಿನ್ನುಗಳಲ್ಲಿ ಹೆಚ್ಚಿನವಕ್ಕೆ ಪಿಸ್ಟನ್ ಮೇಲ್ತುದಿ ಮುಟ್ಟಲು ಕ್ರ್ಯಾಂಕ್ (ಪ್ರೊಪೆಲ್ಲರ್ ತಿರುಗಿಸುವ ದಂಡ) ಇನ್ನೂ 25 ಡಿಗ್ರಿ ತಿರುಗಬೇಕಿರುವಾಗಲೇ ಕಿಡಿ. ನಿಮ್ಮ ಎಂಜಿನ್ನಿನ ಡೇಟಾ ಪ್ಲೇಟಿನಲ್ಲಿ ಏನು ಕೊರೆದಿದೆಯೋ ಅದೇ ಕೊನೆಯ ಮಾತು, ಕೆಲವಕ್ಕೆ 20 ಇರುತ್ತದೆ. ನೆಲದ ಮೇಲೆ ಪೂರ್ತಿ ಥ್ರಾಟಲ್ ಕೊಟ್ಟಾಗಲೂ 25, ಹತ್ತು ಸಾವಿರ ಅಡಿಯಲ್ಲಿ ಅರ್ಧ ಶಕ್ತಿಯಲ್ಲಿ ಹಾರುವಾಗಲೂ 25.

ಇದರಲ್ಲಿ ತಪ್ಪೇನು ಎಂದು ತಿಳಿಯಲು ಸ್ವಲ್ಪ ಲೆಕ್ಕ ಮಾಡೋಣ. 2500 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಒಂದು ಮಿಲಿಸೆಕೆಂಡಿಗೆ 15 ಡಿಗ್ರಿ ತಿರುಗುತ್ತದೆ. ಸಿಲಿಂಡರಿನ ಒತ್ತಡ ಶಿಖರ ಮುಟ್ಟಬೇಕಾದದ್ದು ಪಿಸ್ಟನ್ ಮೇಲ್ತುದಿ ದಾಟಿ ಸುಮಾರು 15 ಡಿಗ್ರಿ ಕೆಳಗಿಳಿದಾಗ. ಆಗ ಕ್ರ್ಯಾಂಕಿನ ಮೇಲೆ ಸರಿಯಾದ ಹಿಡಿತ ಸಿಗುತ್ತದೆ. ಅಂದರೆ ಕಿಡಿಯಿಂದ ಶಿಖರದವರೆಗೆ 40 ಡಿಗ್ರಿ, ಹೆಚ್ಚುಕಡಿಮೆ 2.7 ಮಿಲಿಸೆಕೆಂಡು. ಪೂರ್ತಿ ಥ್ರಾಟಲ್, ಗಾಳಿ-ಇಂಧನದ ದಟ್ಟ ಮಿಶ್ರಣ ಇದ್ದಾಗ ಬೆಂಕಿ ಇಷ್ಟರಲ್ಲಿ ಹರಡುತ್ತದೆ. ಎತ್ತರಕ್ಕೆ ಹೋಗಿ ಮ್ಯಾನಿಫೋಲ್ಡ್ ಒತ್ತಡ (ಎಂಜಿನ್ ಎಳೆದುಕೊಳ್ಳುವ ಗಾಳಿಯ ಒತ್ತಡ, ಪಾದರಸದ ಇಂಚಿನ ಲೆಕ್ಕದಲ್ಲಿ) 22 ಇಂಚಿಗೆ ಇಳಿದು, ಮೇಲಾಗಿ ನೀವು ಮಿಶ್ರಣವನ್ನು ತೆಳು ಮಾಡಿದರೆ ಬೆಂಕಿ ನಿಧಾನವಾಗುತ್ತದೆ. ಕಿಡಿ ಮಾತ್ರ ಹಳೇ ಜಾಗದಲ್ಲೇ. ಶಿಖರ ತಡವಾಗಿ ಬರುತ್ತದೆ, ಶಕ್ತಿ ಎಕ್ಸಾಸ್ಟ್ ಪೈಪಿನಲ್ಲಿ ಬಿಸಿಯಾಗಿ ಹೊರಗೆ ಹೋಗುತ್ತದೆ.

ಎಲೆಕ್ಟ್ರಾನಿಕ್ ಇಗ್ನಿಷನ್ ಎರಡು ಸಂಗತಿ ನೋಡುತ್ತದೆ: ಕ್ರ್ಯಾಂಕಿನ ವೇಗ ಮತ್ತು ಮ್ಯಾನಿಫೋಲ್ಡ್ ಒತ್ತಡ. ಒತ್ತಡ ಇಳಿದಷ್ಟೂ ಟೈಮಿಂಗನ್ನು 30, 35 ಡಿಗ್ರಿ ಕಡೆ ಸರಿಸುತ್ತದೆ. ಸ್ಟಾರ್ಟ್ ಮಾಡುವಾಗ ಮೇಲ್ತುದಿಯ ಹತ್ತಿರಕ್ಕೆ ತಂದು, ಎಂಜಿನ್ ಹಿಂದಕ್ಕೆ ಒದೆಯದಂತೆ ನೋಡಿಕೊಳ್ಳುತ್ತದೆ. ಕಿಡಿಯೂ ಗಟ್ಟಿ. ಮ್ಯಾಗ್ನೆಟೋಗೆ ಹಾಕುವ ವಿಮಾನದ ಪ್ಲಗ್‌ಗಳ ಗ್ಯಾಪ್ 0.016ರಿಂದ 0.021 ಇಂಚು. ಎಲೆಕ್ಟ್ರಾನಿಕ್‌ಗೆ ಕಾರಿನ ಪ್ಲಗ್ ಹಾಕಿ 0.030 ಇಂಚಿನ ಆಸುಪಾಸು ಬಿಡಬಹುದು. ಗ್ಯಾಪ್ ಅಗಲವಾದಷ್ಟೂ ಕಿಡಿಗೆ ಹೆಚ್ಚು ಮಿಶ್ರಣ ಸಿಗುತ್ತದೆ, ತೆಳು ಮಿಶ್ರಣವೂ ಹತ್ತಿಕೊಳ್ಳುತ್ತದೆ.

ಸೆಕೆಗೂ ಎತ್ತರಕ್ಕೂ ಇರುವ ವ್ಯತ್ಯಾಸ

ನಮ್ಮ ಕಡೆಯವರು ಎಡವುವ ಜಾಗ ಇದು. ಬಳ್ಳಾರಿ ಸಮುದ್ರಮಟ್ಟದಿಂದ ಸುಮಾರು 1,600 ಅಡಿ. ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ಇದ್ದರೆ ಡೆನ್ಸಿಟಿ ಆಲ್ಟಿಟ್ಯೂಡ್, ಅಂದರೆ ಗಾಳಿಯ ಸಾಂದ್ರತೆಯ ಲೆಕ್ಕದ ಎತ್ತರ, 5,200 ಅಡಿ ದಾಟುತ್ತದೆ. ರೆಕ್ಕೆಗೂ ಪ್ರೊಪೆಲ್ಲರಿಗೂ ಐದು ಸಾವಿರ ಅಡಿ ಬೆಟ್ಟದ ಮೇಲಿದ್ದಂತೆ ಅನಿಸುತ್ತದೆ, ರನ್‌ವೇ ಉದ್ದ ಬೇಕಾಗುತ್ತದೆ. ಹಾಗಾದರೆ ಅಡ್ವಾನ್ಸ್, ಅಂದರೆ ಕಿಡಿಯನ್ನು ಮುಂಚಿತವಾಗಿ ಕೊಡುವ ಡಿಗ್ರಿ, ಜಾಸ್ತಿ ಇದ್ದರೆ ಲಾಭ ಅಲ್ಲವೇ ಎಂದು ಕೇಳುವವರಿದ್ದಾರೆ.

ಲಾಭವಿಲ್ಲ, ಅಪಾಯವಿದೆ. ಗಾಳಿ ಹಗುರಾಗಿದ್ದು ಬಿಸಿಯಿಂದ. ಒತ್ತಡ ಅಷ್ಟೇನೂ ಇಳಿದಿಲ್ಲ. ಪೂರ್ತಿ ಥ್ರಾಟಲ್‌ನಲ್ಲಿ ಮ್ಯಾನಿಫೋಲ್ಡ್ ಒತ್ತಡ ಇನ್ನೂ 27–28 ಇಂಚು ತೋರಿಸುತ್ತಿರುತ್ತದೆ. ಒಳಗೆ ಬರುವ ಗಾಳಿಯೇ 42 ಡಿಗ್ರಿ ಇರುವಾಗ ಸಿಲಿಂಡರಿನ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿ ಸ್ಫೋಟಿಸುವ ಸಾಧ್ಯತೆ, ಅಂದರೆ ನಾಕಿಂಗ್, ಹೆಚ್ಚುತ್ತದೆ. ಇಗ್ನಿಷನ್ ಪೆಟ್ಟಿಗೆ ಒತ್ತಡವನ್ನು ನೋಡುತ್ತದೆ. ಬಹಳಷ್ಟು ಮಾದರಿಗಳು ಗಾಳಿಯ ಉಷ್ಣತೆಯನ್ನು ನೋಡುವುದೇ ಇಲ್ಲ. ಮೋಟರ್‌ಸೈಕಲ್ಲಿನಲ್ಲಾದರೆ ನಾಕಿಂಗ್ ಸದ್ದು ಕಿವಿಗೆ ಬೀಳುತ್ತದೆ. ವಿಮಾನದಲ್ಲಿ ಪ್ರೊಪೆಲ್ಲರ್ ಸದ್ದಿನ ನಡುವೆ ಏನೂ ಕೇಳದು, ಸಿಲಿಂಡರ್ ಹೆಡ್ಡಿನ ಉಷ್ಣತೆ ಸರ್ರನೆ ಏರುವುದೊಂದೇ ಸೂಚನೆ.

ಹೀಗಾಗಿ ಎರಡು ಮೂರು ಕರ್ವ್ (ಅಡ್ವಾನ್ಸಿನ ಸಿದ್ಧ ಲೆಕ್ಕ) ಕೊಡುವ ಪೆಟ್ಟಿಗೆಯಾದರೆ ಕಡಿಮೆ ಅಡ್ವಾನ್ಸಿನ ಕರ್ವ್ ಆರಿಸಿ. ಕಂಪ್ರೆಷನ್ ಅನುಪಾತ 8.5:1 ಅಥವಾ ಮೇಲಿದ್ದರೆ ಇದರಲ್ಲಿ ಚೌಕಾಸಿ ಬೇಡ. ಟೇಕಾಫ್ ಒತ್ತಡದಲ್ಲಿ ಟೈಮಿಂಗ್ ಡೇಟಾ ಪ್ಲೇಟಿನ ಅಂಕಿಯನ್ನು ದಾಟಬಾರದು. ಲೈಕಮಿಂಗ್ ಹೆಡ್ಡಿನ ಮಿತಿ 260 ಡಿಗ್ರಿ ಸೆಲ್ಸಿಯಸ್ ಎಂದು ಪುಸ್ತಕ ಹೇಳಿದರೂ ಸಮತಟ್ಟು ಹಾರಾಟದ ಕ್ರೂಸ್‌ನಲ್ಲಿ 205ರೊಳಗೆ ಇಟ್ಟರೆ ಸಿಲಿಂಡರ್ ಬಾಳುತ್ತದೆ. ಎಲೆಕ್ಟ್ರಾನಿಕ್ ಹಾಕಿದ ಮೇಲೆ ಹೆಡ್ 10–15 ಡಿಗ್ರಿ ಹೆಚ್ಚು ಬಿಸಿಯಾಗಿ ಎಕ್ಸಾಸ್ಟ್ ತಣ್ಣಗಾದರೆ ಗಾಬರಿ ಬೇಡ, ಅಡ್ವಾನ್ಸಿನ ಸ್ವಭಾವವೇ ಅದು. ಆದರೆ ಮ್ಯಾಗ್ನೆಟೋ ಇದ್ದಾಗಲೇ ಬೇಸಿಗೆಯಲ್ಲಿ 220 ಮುಟ್ಟುತ್ತಿದ್ದ ಎಂಜಿನ್ನಿಗೆ ಮೊದಲು ಬ್ಯಾಫಲ್ (ತಂಪು ಗಾಳಿಯನ್ನು ಸಿಲಿಂಡರುಗಳ ಮೇಲೆ ತಿರುಗಿಸುವ ತಗಡು) ಸಂದು ಮುಚ್ಚಿ, ಇಗ್ನಿಷನ್ ಮಾತು ಆಮೇಲೆ.

ನಾಲ್ಕೂ ಸಿಲಿಂಡರಿಗೆ ಉಷ್ಣತೆ ಮಾಪಕ ಇಲ್ಲದ ವಿಮಾನಕ್ಕೆ ಬದಲಾಗುವ ಟೈಮಿಂಗ್ ಹಾಕಬೇಡಿ.

ಕರೆಂಟು ಎಲ್ಲಿಂದ?

ಮಾರುಕಟ್ಟೆಯಲ್ಲಿರುವುದನ್ನು ಈ ದೃಷ್ಟಿಯಿಂದ ನೋಡಿದರೆ ಮೂರು ಜಾತಿ ಕಾಣುತ್ತವೆ.

ಮೊದಲನೆಯದು ತನ್ನ ಕರೆಂಟು ತಾನೇ ಹುಟ್ಟಿಸಿಕೊಳ್ಳುವಂಥದ್ದು. ಪಿ-ಮ್ಯಾಗ್ ಈ ಸಾಲಿನದು. ಮ್ಯಾಗ್ನೆಟೋ ಕೂರುತ್ತಿದ್ದ ಜಾಗದಲ್ಲೇ ಕೂರುತ್ತದೆ, ಒಳಗೆ ಪುಟ್ಟ ಆಲ್ಟರ್ನೇಟರ್ ಇದೆ. ಸ್ಟಾರ್ಟ್ ಮಾಡಲು ವಿಮಾನದ ಬ್ಯಾಟರಿ ಬೇಕು. ಎಂಜಿನ್ ಸಾವಿರ ಆರ್‌ಪಿಎಂ ಆಸುಪಾಸು ದಾಟಿದ ಮೇಲೆ ಹೊರಗಿನ ಕರೆಂಟು ಕಿತ್ತುಹೋದರೂ ನಡೆಯುತ್ತದೆ. ರೋಟಾಕ್ಸ್ 912 ಎಂಜಿನ್ನಿನ ಜೋಡಿ ಸಿಡಿಐ (ಕೆಪಾಸಿಟರ್ ಬಿಡುಗಡೆಯ ಇಗ್ನಿಷನ್) ಕೂಡ ಹೀಗೇ, ಎಂಜಿನ್ನಿನದೇ ಕಾಯಿಲ್ ಸುತ್ತಾದ ಸ್ಟೇಟರ್‌ನಿಂದ ನೇರವಾಗಿ ಶಕ್ತಿ ಪಡೆಯುತ್ತದೆ. ಜಬಿರು ಎಂಜಿನ್ನಿನಲ್ಲಿ ಫ್ಲೈವೀಲಿನ ಆಯಸ್ಕಾಂತವೇ ಕಾಯಿಲ್‌ಗಳಿಗೆ ಕರೆಂಟು ಕೊಡುತ್ತದೆ. ರೋಟಾಕ್ಸ್, ಜಬಿರು ಇರುವವರಿಗೆ ಆಯ್ಕೆಯ ತಲೆನೋವಿಲ್ಲ, ಕಾರ್ಖಾನೆ ಕೊಟ್ಟದ್ದನ್ನು ಬಿಸಿಯಿಂದ ಕಾಪಾಡಿದರೆ ಸಾಕು.

ಎರಡನೆಯದು ಪೂರ್ತಿ ವಿಮಾನದ ಬ್ಯಾಟರಿಯನ್ನೇ ನಂಬಿರುವಂಥದ್ದು. ಲೈಟ್ ಸ್ಪೀಡ್ ಕಂಪನಿಯ ಪ್ಲಾಸ್ಮಾ, ಎಸ್‌ಡಿಎಸ್‌ನ ಸಿಪಿಐ, ಎಲೆಕ್ಟ್ರೋಏರ್, ಶ್ಯೂರ್‌ಫ್ಲೈ ಇವೆಲ್ಲ ಇಲ್ಲಿ ಬರುತ್ತವೆ. ಇವುಗಳೊಳಗೂ ಗುಣ ಬೇರೆ. ಪ್ಲಾಸ್ಮಾ ಕೆಪಾಸಿಟರ್ ಬಿಡುಗಡೆಯ ಬಗೆ: ವೋಲ್ಟೇಜ್ ಜೋರು, ಕಿಡಿಯ ಆಯುಷ್ಯ ಚಿಕ್ಕದು. ಸಿಪಿಐ ಕಾಯಿಲ್‌ನಲ್ಲಿ ಶಕ್ತಿ ತುಂಬಿ ಬಿಡುವ ಬಗೆ, ಕಿಡಿ ಹೆಚ್ಚು ಹೊತ್ತು ನಿಲ್ಲುತ್ತದೆ. ಕಾಕ್‌ಪಿಟ್ಟಿನಿಂದಲೇ ಟೈಮಿಂಗ್ ತಿದ್ದಬಹುದು. ಸೆಕೆಯ ಊರಿಗೆ ಈ ಸೌಲಭ್ಯ ದೊಡ್ಡದು, ಬೇಸಿಗೆಗೆ ಎರಡು ಡಿಗ್ರಿ ಇಳಿಸಿಟ್ಟುಕೊಳ್ಳಬಹುದು. ಶ್ಯೂರ್‌ಫ್ಲೈ ಮ್ಯಾಗ್ನೆಟೋ ಜಾಗದಲ್ಲೇ ಕೂರುತ್ತದೆ, ಟೈಮಿಂಗ್ ಬದಲಾಗದಂತೆಯೂ ಇಟ್ಟುಕೊಳ್ಳಬಹುದು.

ಮೂರನೆಯದು ಜಾತಿಯಲ್ಲ, ಒಂದು ಕೂಡಿಕೆ: ಒಂದು ಪಕ್ಕ ಮ್ಯಾಗ್ನೆಟೋ, ಇನ್ನೊಂದು ಪಕ್ಕ ಎಲೆಕ್ಟ್ರಾನಿಕ್. ಸ್ಥಿರ ಟೈಮಿಂಗಿನಿಂದ ಹೊರಬರುವ ಲಾಭದ ಬಹುಪಾಲು ಮೊದಲ ಎಲೆಕ್ಟ್ರಾನಿಕ್‌ನಲ್ಲೇ ಸಿಕ್ಕಿಬಿಡುತ್ತದೆ, ಎರಡನೆಯದರಿಂದ ಬರುವುದು ಚೂರುಪಾರು. ಕರೆಂಟು ಹೋದರೆ ಮ್ಯಾಗ್ನೆಟೋ ಇದೆ, ಮ್ಯಾಗ್ನೆಟೋ ಹೋದರೆ ಎಲೆಕ್ಟ್ರಾನಿಕ್ ಇದೆ. ಎರಡೂ ಒಂದೇ ಕಾರಣಕ್ಕೆ ಸಾಯುವುದಿಲ್ಲ. ಬಿಡಿಭಾಗ ಹೊರದೇಶದಿಂದ ಬರಬೇಕಾದ, ವಿಮಾನದ ಎಲೆಕ್ಟ್ರಿಕ್ ಕೆಲಸ ಬಲ್ಲವರು ಹತ್ತಿರದಲ್ಲಿ ಸಿಗದ ನಮ್ಮ ಭಾಗದಲ್ಲಿ ಇದನ್ನೇ ಮೊದಲು ಯೋಚಿಸಬೇಕು ಎಂಬುದು ಈ ಲೇಖನದ ಪಕ್ಷಪಾತ.

ಉಳಿತಾಯದ ಲೆಕ್ಕವನ್ನೂ ಪ್ರಾಮಾಣಿಕವಾಗಿ ಹಾಕಿ. ಓ-320 ಎಂಜಿನ್ ಕ್ರೂಸ್‌ನಲ್ಲಿ ಗಂಟೆಗೆ ಸುಮಾರು 30 ಲೀಟರ್ ಕುಡಿಯುತ್ತದೆ. ಐದು ಶೇಕಡಾ ಉಳಿದರೆ ಗಂಟೆಗೆ ಒಂದೂವರೆ ಲೀಟರ್, ವರ್ಷಕ್ಕೆ 50 ಗಂಟೆ ಹಾರಿದರೆ 75 ಲೀಟರ್. ಅದೂ ಎತ್ತರದಲ್ಲಿ ತೆಳು ಮಿಶ್ರಣದಲ್ಲಿ ಹಾರಿದರೆ. ಬಳ್ಳಾರಿಯಿಂದ ರಾಯಚೂರಿಗೆ ನೇರ ಗೆರೆಯಲ್ಲಿ 125 ಕಿಲೋಮೀಟರಿನಷ್ಟು, ವೇಗದ ವಿಮಾನಕ್ಕೆ ಅರ್ಧ ಗಂಟೆ. ಅಷ್ಟಕ್ಕೆ ಯಾರೂ ಎಂಟು ಸಾವಿರ ಅಡಿ ಏರುವುದಿಲ್ಲ. ಇಂಧನದ ಹಣದಲ್ಲೇ ಪೆಟ್ಟಿಗೆಯ ಬೆಲೆ ಹುಟ್ಟುತ್ತದೆ ಎಂದು ಕೊಂಡವರಿಗೆ ಬಹಳ ವರ್ಷ ಕಾಯಬೇಕಾಗುತ್ತದೆ. ಮ್ಯಾಗ್ನೆಟೋವನ್ನು 500 ಗಂಟೆಗೊಮ್ಮೆ ಬಿಚ್ಚಿ ಪಾಯಿಂಟ್, ಕಾರ್ಬನ್ ಬ್ರಶ್, ಡಿಸ್ಟ್ರಿಬ್ಯೂಟರ್ ಗೇರು ನೋಡಿಸುವ ಖರ್ಚು ತಪ್ಪುವುದು, ಬಿಸಿ ಎಂಜಿನ್ ಒಂದೇ ಸುತ್ತಿಗೆ ಸ್ಟಾರ್ಟ್ ಆಗುವುದು, ಇವು ದಿನನಿತ್ಯ ಕೈಗೆ ಸಿಗುವ ಲಾಭ.

ಮುರಿದ ಒಂದು ವೈರು, ಎರಡು ಪರಿಣಾಮ

ಮ್ಯಾಗ್ನೆಟೋದ ಸ್ವಿಚ್ಚು ಉಲ್ಟಾ ಸ್ವಿಚ್ಚು. ಆಫ್ ಮಾಡಿದರೆ ಪಿ-ಲೀಡ್ ಎಂಬ ವೈರನ್ನು ಅರ್ಥ್‌ಗೆ ಮುಟ್ಟಿಸಿ ಕಿಡಿಯನ್ನು ಕೊಲ್ಲುತ್ತದೆ. ಆ ವೈರು ಎಲ್ಲೋ ಮುರಿದರೆ ಮ್ಯಾಗ್ನೆಟೋ ಸದಾ ಜೀವಂತ: ಕೀ ನಿಮ್ಮ ಜೇಬಿನಲ್ಲಿದ್ದರೂ ಪ್ರೊಪೆಲ್ಲರ್ ಕೈಯಿಂದ ತಿರುಗಿಸಿದಾಗ ಎಂಜಿನ್ ಹತ್ತಿಕೊಳ್ಳಬಹುದು. ಬ್ಯಾಟರಿ ನಂಬಿದ ಎಲೆಕ್ಟ್ರಾನಿಕ್‌ನಲ್ಲಿ ಸ್ವಿಚ್ಚು ಮನೆಯ ಲೈಟಿನಂತೆ. ವೈರು ಮುರಿದರೆ ಕಿಡಿ ಸಾಯುತ್ತದೆ. ಒಂದರ ಅಪಾಯ ನೆಲದ ಮೇಲೆ ನಿಂತವರಿಗೆ, ಇನ್ನೊಂದರದು ಮೇಲೆ ಹಾರುತ್ತಿರುವವರಿಗೆ. ಪಿ-ಮ್ಯಾಗ್‌ಗೆ ಕರೆಂಟಿನ ವೈರೂ ಇದೆ, ಪಿ-ಲೀಡೂ ಇದೆ, ಎರಡು ಬಗೆಯ ಎಚ್ಚರವೂ ಬೇಕು.

ಇದನ್ನು ತಲೆಯಲ್ಲಿಟ್ಟುಕೊಂಡು ವೈರಿಂಗ್ ಮಾಡಿ. ಇಗ್ನಿಷನ್‌ಗೆ ಹೋಗುವ ಕರೆಂಟು ಮಾಸ್ಟರ್ ಸ್ವಿಚ್ಚಿನ ಹಿಂದೆ, ರೇಡಿಯೋ-ಲೈಟುಗಳ ಬಸ್‌ಬಾರಿನಲ್ಲಿ ಇರಬಾರದು. ವೈರಿಂಗ್ ಸುಟ್ಟ ವಾಸನೆ ಬಂದರೆ ಪೈಲಟ್ ಮೊದಲು ಮಾಡುವ ಕೆಲಸ ಮಾಸ್ಟರ್ ಆಫ್. ಆಗ ಎಂಜಿನ್ನೂ ನಿಂತರೆ ಹೇಗೆ? ಬ್ಯಾಟರಿಯ ಟರ್ಮಿನಲ್ಲಿನಿಂದಲೇ ನೇರ ವೈರು, ಟರ್ಮಿನಲ್ಲಿನ ಪಕ್ಕದಲ್ಲೇ ತಯಾರಕರು ಹೇಳಿದ ಅಂಪಿಯರಿನ ಫ್ಯೂಸ್ ಅಥವಾ ಬ್ರೇಕರ್, ಪ್ರತಿ ಇಗ್ನಿಷನ್‌ಗೂ ಬೇರೆ ಬೇರೆ.

ಎರಡೂ ಪಕ್ಕ ಬ್ಯಾಟರಿ ನಂಬಿದ ಎಲೆಕ್ಟ್ರಾನಿಕ್ ಹಾಕುವುದಾದರೆ ಎರಡನೇ ಬ್ಯಾಟರಿ ಕಡ್ಡಾಯ ಎಂದೇ ಇಟ್ಟುಕೊಳ್ಳಿ. ಒಂದು ಇಗ್ನಿಷನ್ ಕ್ರೂಸ್‌ನಲ್ಲಿ ಒಂದೂವರೆ ಅಂಪಿಯರ್ ಎಳೆಯುತ್ತದೆ ಎಂದು ಹಿಡಿಯೋಣ. 8 ಅಂಪಿಯರ್-ಅವರ್ ಬ್ಯಾಟರಿಯ ಪೂರ್ತಿ ಅಂಕಿಯನ್ನು ನಂಬಬಾರದು. ಹಳತಾಗಿದೆ, ಬಿಸಿಲು ತಿಂದಿದೆ ಎಂದು ಅರವತ್ತು ಶೇಕಡಾ ಹಿಡಿದರೆ 4.8, ಅಂದರೆ ಮೂರು ಗಂಟೆಯ ಚಿಲ್ಲರೆ. ಟ್ಯಾಂಕಿನ ಇಂಧನ ಮುಗಿಯುವ ಹೊತ್ತಿಗಿಂತ ಇದು ಹೆಚ್ಚಿದ್ದರೆ ಸರಿ. ಲೆಡ್-ಆಸಿಡ್ ಬ್ಯಾಟರಿಯ ಆಯುಷ್ಯ 25 ಡಿಗ್ರಿಯ ಮೇಲೆ ಪ್ರತಿ ಹತ್ತು ಡಿಗ್ರಿಗೆ ಅರ್ಧಕ್ಕಿಳಿಯುತ್ತದೆ ಎಂಬುದು ಹಳೆಯ ಲೆಕ್ಕ. ತಗಡಿನ ಶೆಡ್ಡಿನಲ್ಲಿ ನಿಂತ ವಿಮಾನಕ್ಕೆ ಇದು ಅಕ್ಷರಶಃ ಅನ್ವಯ. ಬ್ಯಾಕಪ್ ಬ್ಯಾಟರಿಯನ್ನು ಎರಡು ವರ್ಷಕ್ಕೊಮ್ಮೆ ಕಣ್ಣುಮುಚ್ಚಿ ಬದಲಿಸಿ. ಮುಖ್ಯ ಬ್ಯಾಟರಿಯಿಂದ ಅದಕ್ಕೆ ಚಾರ್ಜ್ ಹೋಗುವ ದಾರಿಯಲ್ಲಿ ಡಯೋಡ್ ಇಡುವಾಗ ಶಾಟ್ಕಿ ಬಗೆಯದನ್ನೇ ಹಾಕಿ. ಸಾಮಾನ್ಯ ಡಯೋಡ್ ಮುಕ್ಕಾಲು ವೋಲ್ಟ್ ನುಂಗಿ, ಬ್ಯಾಟರಿ ಎಂದೂ ಪೂರ್ತಿ ತುಂಬದೆ ಒಳಗೊಳಗೇ ಸಾಯುತ್ತದೆ.

ಕರೆಂಟು ಹೋಗುವುದೊಂದೇ ಭಯವಲ್ಲ, ಜಾಸ್ತಿ ಬರುವುದೂ ಭಯ. ಆಲ್ಟರ್ನೇಟರಿನ ರೆಗ್ಯುಲೇಟರ್ ಕೆಟ್ಟರೆ ವೋಲ್ಟೇಜ್ 16, 18 ದಾಟಿ ಓಡುತ್ತದೆ. ಒಂದೇ ವಿದ್ಯುತ್ ದಾರಿಗೆ ಜೋತುಬಿದ್ದ ಎರಡೂ ಪೆಟ್ಟಿಗೆಗಳು ಒಂದೇ ನಿಮಿಷದಲ್ಲಿ ಸುಡಬಹುದು. ಓವರ್‌ವೋಲ್ಟೇಜ್ ಕಟಾಫ್ ಇಲ್ಲದ ಆಲ್ಟರ್ನೇಟರಿನ ಜೊತೆ ಜೋಡಿ ಎಲೆಕ್ಟ್ರಾನಿಕ್ ಸಲ್ಲದು.

ಅರ್ಥಿಂಗ್ ಬಗ್ಗೆಯೂ ಒಂದು ಮಾತು. ಎಂಜಿನ್ನಿಗೂ ಅದರ ಹಿಂದಿನ ತಡೆಗೋಡೆಯಾದ ಫೈರ್‌ವಾಲ್‌ಗೂ ನಡುವಿನ ದಪ್ಪ ಅರ್ಥ್ ಪಟ್ಟಿ ಸಡಿಲವಾದರೆ ಸ್ಟಾರ್ಟರಿನ ನೂರಾರು ಅಂಪಿಯರ್ ಬೇರೆ ದಾರಿ ಹುಡುಕುತ್ತದೆ. ಸಿಗುವುದು ಇಗ್ನಿಷನ್ ಸೆನ್ಸರಿನ ತೆಳು ವೈರು, ಅದರ ಜಾಲರಿ ಕವಚ. ಹೊಗೆ ಬರುತ್ತದೆ, ದುಬಾರಿ ಪೆಟ್ಟಿಗೆ ಹೋಗುತ್ತದೆ. ಕವಚವಿರುವ ವೈರಿನ ಜಾಲರಿಯನ್ನು ತಯಾರಕರು ಹೇಳಿದ ಒಂದೇ ತುದಿಗೆ ಅರ್ಥ್ ಮಾಡಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ. ಇನ್ನೊಂದು ಕಾರಣ ಹೆಡ್‌ಸೆಟ್ಟಿನಲ್ಲಿ ಕೇಳುವ ಟಿರ್ರ್ ಎಂಬ ಸದ್ದು.

ವೈರು ಜೋಡಿಸುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಗ್ಯಾರೇಜುಗಳಲ್ಲಿ ಎರಡು ವೈರು ಹಲ್ಲಿನಿಂದ ಸುಲಿದು, ತಿರುಚಿ, ಕಪ್ಪು ಟೇಪ್ ಸುತ್ತುವ ರೂಢಿಯಿದೆ. ಕಾರಿಗೆ ನಡೆಯುತ್ತದೆ. ಕೌಲಿಂಗ್ ಒಳಗಿನ ಬಿಸಿಗೆ ಟೇಪಿನ ಅಂಟು ಕರಗಿ ಜಿಗುಟಾಗಿ ಸುರುಳಿ ಬಿಚ್ಚಿಕೊಳ್ಳುತ್ತದೆ, ಅಂಟಿನ ಮೇಲೆ ಧೂಳು ಕೂರುತ್ತದೆ. ಬೆಸುಗೆ ಹಾಕಿದರೂ ಸಮಸ್ಯೆಯೇ. ಸೀಸ ವೈರಿನೊಳಗೆ ಹರಿದು ಎಲ್ಲಿ ನಿಂತಿತೋ ಅಲ್ಲಿಂದ ಮುಂದೆ ಎಳೆಗಳು ಮೆತ್ತಗೆ, ಹಿಂದೆ ಕಡ್ಡಿಯಂತೆ ಗಟ್ಟಿ. ಎಂಜಿನ್ನಿನ ನಡುಕಕ್ಕೆ ಆ ಗಡಿಯಲ್ಲೇ ಒಂದೊಂದೇ ಎಳೆ ತುಂಡಾಗುತ್ತದೆ. ಸರಿಯಾದ ಅಳತೆಯ ಲಗ್ (ವೈರಿನ ತುದಿಯ ಲೋಹದ ಕಿವಿ) ಹಾಕಿ, ಅದಕ್ಕೇ ಮಾಡಿದ ಕ್ರಿಂಪಿಂಗ್ ಇಕ್ಕಳದಿಂದ ಒತ್ತಿ, ಕೈಯಲ್ಲಿ ಜಗ್ಗಿ ನೋಡಿ. ಲಗ್‌ನಿಂದ ಎರಡು ಇಂಚಿನೊಳಗೆ ವೈರನ್ನು ಕ್ಲ್ಯಾಂಪ್ ಮಾಡಿ. ಪಿವಿಸಿ ಹೊದಿಕೆಯ ಕಾರಿನ ವೈರು ಬೇಡ. 150 ಡಿಗ್ರಿ ತಡೆಯುವ ಟೆಫ್‌ಜೆಲ್ ವೈರು, 18 ಗೇಜ್, ಸಾಕು.

ಬಿಸಿ ಮತ್ತು ಕೆಂಪು ಧೂಳು

ಹಾರುವಾಗ ಗಾಳಿ ನುಗ್ಗುತ್ತಿರುತ್ತದೆ, ಬಿಸಿ ಕೌಲಿಂಗ್ ಒಳಗೆ ನಿಲ್ಲುವುದಿಲ್ಲ. ಅಪಾಯದ ಹೊತ್ತು ಇಳಿದು ಎಂಜಿನ್ ಆಫ್ ಮಾಡಿದ ನಂತರದ ಅರ್ಧ ಗಂಟೆ. ಸಿಲಿಂಡರುಗಳ ಬಿಸಿಯೆಲ್ಲ ಮೇಲಕ್ಕೂ ಹಿಂದಕ್ಕೂ ಸರಿದು ಮ್ಯಾಗ್ನೆಟೋ ಜಾಗದಲ್ಲಿ ಕೂರುತ್ತದೆ. ಹೊರಗೆ 42 ಇದ್ದ ದಿನ ಒಳಗಿನ ಎಲೆಕ್ಟ್ರಾನಿಕ್ಸ್ ತನ್ನ ಮಿತಿಯ ಅಂಚಿಗೆ ಹೋಗುತ್ತದೆ. ಅದೇ ಹೊತ್ತಿಗೆ ಇಂಧನ ತುಂಬಿಸಿ ಮತ್ತೆ ಹೊರಟರೆ ಬೆಂದ ಪೆಟ್ಟಿಗೆಯ ಮೇಲೆ ಟೇಕಾಫ್.

ಪೆಟ್ಟಿಗೆ ಬೇರೆಯಾಗಿ, ಕಾಯಿಲ್ ಬೇರೆಯಾಗಿ ಬರುವ ಮಾದರಿಗೆ ಇಲ್ಲಿ ಮೇಲುಗೈ. ಮಿದುಳು ಫೈರ್‌ವಾಲ್‌ನ ಈಚೆ, ಕಾಕ್‌ಪಿಟ್ ಕಡೆ ತಣ್ಣಗಿರಬಹುದು, ಕಾಯಿಲ್ ಮಾತ್ರ ಆಚೆ. ಎಲ್ಲವೂ ಮ್ಯಾಗ್ನೆಟೋ ಜಾಗದಲ್ಲೇ ಕೂರುವ ಮಾದರಿಯಾದರೆ ಬ್ಯಾಫಲ್‌ನಿಂದ ತಂಪು ಗಾಳಿ ತಂದು ಅದರ ಮೇಲೆ ಊದುವ ಕೊಳವೆ ಹಾಕಲೇಬೇಕು. ಕೊಳವೆಯ ಬಾಯಿ ಪೆಟ್ಟಿಗೆಗೆ ಒಂದು ಇಂಚಿನಷ್ಟು ಹತ್ತಿರ, ಎಲೆಕ್ಟ್ರಾನಿಕ್ಸ್ ಇರುವ ಭಾಗಕ್ಕೇ ಗುರಿಯಾಗಿರಲಿ. ನಿಲ್ಲಿಸಿದ ಮೇಲೆ ಆಯಿಲ್ ಬಾಗಿಲು ತೆರೆದಿಡಿ, ಮೂಗನ್ನು ಗಾಳಿಗೆ ತಿರುಗಿಸಿ ನಿಲ್ಲಿಸಿ. ಇಷ್ಟಕ್ಕೇ ಬಹಳ ಬಿಸಿ ಇಳಿಯುತ್ತದೆ, ಖರ್ಚಿಲ್ಲ.

ಧೂಳಿನ ಸಂಗತಿ ಸಂಡೂರು-ಹೊಸಪೇಟೆ-ತೋರಣಗಲ್ಲು ಸುತ್ತಲಿನವರಿಗೆ ವಿಶೇಷ. ಕ್ರ್ಯಾಂಕ್ ಎಲ್ಲಿದೆ ಎಂದು ತಿಳಿಯಲು ಕೆಲವು ಮಾದರಿಗಳು ಫ್ಲೈವೀಲಿಗೆ ಚಿಕ್ಕ ಆಯಸ್ಕಾಂತ ಕೂರಿಸಿ, ಎದುರಿಗೆ ಆಯಸ್ಕಾಂತ ಹಾದುಹೋದದ್ದನ್ನು ಗುರುತಿಸುವ ಹಾಲ್ ಸೆನ್ಸರ್ ಇಡುತ್ತವೆ. ಇವೆರಡರ ನಡುವಿನ ಸಂದು ಬಹಳ ಕಿರಿದು. ಅದಿರಿನ ಕೆಂಪು ಧೂಳು, ಅಂದರೆ ಹೆಮಟೈಟ್, ಆಯಸ್ಕಾಂತಕ್ಕೆ ಅಷ್ಟಾಗಿ ಅಂಟದು. ಸ್ಪಾಂಜ್ ಐರನ್ ಘಟಕಗಳ ಕಪ್ಪು ಪುಡಿ, ವೆಲ್ಡಿಂಗ್ ಶೆಡ್ಡಿನ ಗ್ರೈಂಡಿಂಗ್ ಪುಡಿ ಕಬ್ಬಿಣವೇ. ಅಂಟಿ ಗಡ್ಡ ಬೆಳೆಸುತ್ತದೆ. 50 ಗಂಟೆಗೊಮ್ಮೆ ಪ್ರೊಪೆಲ್ಲರ್ ಹಿಂದೆ ಟಾರ್ಚ್ ಬಿಟ್ಟು ನೋಡಿ, ಬಟ್ಟೆಗೆ ಗ್ರೀಸ್ ಸವರಿ ಒರೆಸಿ. ಗಾಳಿ ಹೊಡೆದರೆ ಪುಡಿ ಸೆನ್ಸರ್ ಕಡೆಗೇ ಹಾರುತ್ತದೆ. ಮ್ಯಾನಿಫೋಲ್ಡ್ ಒತ್ತಡದ ರಬ್ಬರ್ ಕೊಳವೆಯನ್ನೂ ಆಗಲೇ ಬಗ್ಗಿಸಿ ನೋಡಿ. ಬಿಸಿಗೆ ಸೀಳಿದ್ದರೆ ಅದರೊಳಗೆ ಹೊರಗಿನ ಗಾಳಿ ನುಗ್ಗಿ, ಎಂಜಿನ್ ಸದಾ ಪೂರ್ತಿ ಒತ್ತಡದಲ್ಲಿದೆ ಎಂದು ಪೆಟ್ಟಿಗೆ ಭಾವಿಸುತ್ತದೆ. ಅಡ್ವಾನ್ಸ್ ಸಿಗದು, ಇಂಧನ ಖರ್ಚು ಏರುತ್ತದೆ, ಬೇರೆ ಯಾವ ಲಕ್ಷಣವೂ ಇರುವುದಿಲ್ಲ.

ಕೂರಿಸುವಾಗ

ಕಾರ್ಖಾನೆಯಲ್ಲಿ ತಯಾರಾದ ಪ್ರಮಾಣಿತ ವಿಮಾನಕ್ಕೆ ಒಪ್ಪಿಗೆ ಇಲ್ಲದ ಇಗ್ನಿಷನ್ ಹಾಕುವಂತಿಲ್ಲ. ಕೈಯಾರೆ ಕಟ್ಟಿದ್ದಾದರೂ ಬದಲಾವಣೆಯ ವಿಚಾರ ಮೊದಲು ವಿಮಾನಯಾನ ನಿಯಂತ್ರಕ ಡಿಜಿಸಿಎ ಕಡತಕ್ಕೆ, ಆಮೇಲೆ ಸ್ಪ್ಯಾನರ್ ಕೈಗೆ.

ಯಾವ ಮ್ಯಾಗ್ನೆಟೋ ಉಳಿಸಬೇಕು? ಸಾಮಾನ್ಯವಾಗಿ ಎಡಗಡೆಯದರಲ್ಲಿ ಇಂಪಲ್ಸ್ ಕಪ್ಲಿಂಗ್ ಎಂಬ ಸ್ಪ್ರಿಂಗ್ ಕಟ್ಟು ಇರುತ್ತದೆ. ಸ್ಟಾರ್ಟ್ ಮಾಡುವಾಗ ಆಯಸ್ಕಾಂತವನ್ನು ತಡೆದು ಟಕ್ ಎಂದು ಬಿಡುವುದು ಅದೇ. ಕಿಡಿ ತಡವಾಗಿಯೂ ಜೋರಾಗಿಯೂ ಬರುತ್ತದೆ. ಅದನ್ನೇ ಉಳಿಸಿಕೊಳ್ಳಿ. ಬ್ಯಾಟರಿ ಪೂರ್ತಿ ಸತ್ತ ದಿನ ಕೈಯಿಂದ ಪ್ರೊಪೆಲ್ಲರ್ ತಿರುಗಿಸಿ ಎಂಜಿನ್ ಎಬ್ಬಿಸುವ ದಾರಿ ಉಳಿಯುತ್ತದೆ. ಇಂಪಲ್ಸ್ ಇಲ್ಲದ್ದನ್ನು ಉಳಿಸಿದರೆ ಸ್ಟಾರ್ಟ್ ಮಾಡುವಾಗ ಅದು ಆಫ್ ಇರಲೇಬೇಕು, ಇಲ್ಲವಾದರೆ 25 ಡಿಗ್ರಿ ಮೊದಲೇ ಕಿಡಿ ಹಾರಿ ಎಂಜಿನ್ ಹಿಂದಕ್ಕೆ ಒದ್ದು ಸ್ಟಾರ್ಟರಿನ ಮೂತಿ ಮುರಿಯುತ್ತದೆ. ಇಂಪಲ್ಸ್ ಇರುವ ಕಡೆ ಮ್ಯಾಗ್ನೆಟೋ ಕೆಳಗೆ ದಪ್ಪ ಸ್ಪೇಸರ್, ಉದ್ದ ಸ್ಟಡ್ ಇರುತ್ತವೆ ಎಂಬುದೂ ಗೊತ್ತಿರಲಿ. ಆ ಪಕ್ಕ ಬಿಚ್ಚುವುದಾದರೆ ಗೇರು, ಸ್ಟಡ್ ಎಲ್ಲ ಬೇರೆ ಬೇಕಾಗುತ್ತವೆ.

ಕೆಲಸಕ್ಕೆ ಕೈ ಹಾಕುವ ಮೊದಲು ಪ್ರತಿ ಸಿಲಿಂಡರಿನ ಒಂದು ಪ್ಲಗ್ ಬಿಚ್ಚಿ. ಎಂಜಿನ್ ಹಗುರಾಗಿ ತಿರುಗುತ್ತದೆ, ಹತ್ತಿಕೊಳ್ಳುವ ಭಯವೂ ಹೋಗುತ್ತದೆ. ಒಂದನೇ ಸಿಲಿಂಡರಿನ ಪ್ಲಗ್ ತೂತಿಗೆ ಹೆಬ್ಬೆರಳಿಟ್ಟು ಪ್ರೊಪೆಲ್ಲರನ್ನು ನಿಧಾನ ತಿರುಗಿಸಿ. ಗಾಳಿ ಬೆರಳನ್ನು ತಳ್ಳಿದರೆ ಅದು ಕಂಪ್ರೆಷನ್ ಹೊಡೆತ. ಅಲ್ಲಿಂದ ಫ್ಲೈವೀಲ್ ಹಿಂಬದಿಯ ಟಿಡಿಸಿ (ಪಿಸ್ಟನ್ ಮೇಲ್ತುದಿ) ಗುರುತು ಕ್ರ್ಯಾಂಕ್‌ಕೇಸ್ ಎರಡು ಹೋಳು ಕೂಡುವ ಗೆರೆಗೆ ಬರುವವರೆಗೆ ತಿರುಗಿಸಿ. ಹೆಬ್ಬೆರಳಿನ ಪರೀಕ್ಷೆ ಬಿಟ್ಟು ಬರೀ ಗುರುತು ನೋಡಿದರೆ ಎಕ್ಸಾಸ್ಟ್ ಹೊಡೆತದಲ್ಲಿ ನಿಂತಿರಬಹುದು. ಎರಡು ಸಿಲಿಂಡರಿಗೆ ಒಟ್ಟಿಗೆ ಕಿಡಿ ಕೊಡುವ ಕಾಯಿಲ್ ಇದ್ದರೆ ಆ ತಪ್ಪು ನಡೆದುಹೋಗುತ್ತದೆ, ಮ್ಯಾಗ್ನೆಟೋಗೆ ನಡೆಯುವುದಿಲ್ಲ. ಇನ್ನು ಕೆಲವರು ಮ್ಯಾಗ್ನೆಟೋ ಅಭ್ಯಾಸದಲ್ಲಿ 25ರ ಗುರುತಿಗೆ ಇಟ್ಟು ಎಲೆಕ್ಟ್ರಾನಿಕ್ ಹೊಂದಿಸುತ್ತಾರೆ. ಬಹಳಷ್ಟು ಪೆಟ್ಟಿಗೆಗಳು ಟಿಡಿಸಿ ಕೇಳುತ್ತವೆ. ಹೀಗಾದರೆ ಟೈಮಿಂಗ್ ಪೂರ್ತಿ 25 ಡಿಗ್ರಿ ಮುಂದೆ ಹೋಗಿ ಮೊದಲ ಸ್ಟಾರ್ಟ್‌ಗೇ ಒದೆಯುತ್ತದೆ. ಕೈಪಿಡಿಯ ಆ ಸಾಲನ್ನು ಎರಡು ಸಲ ಓದಿ, ಎಂಜಿನ್ ಓಡಿಸಿ ಟೈಮಿಂಗ್ ಲೈಟಿನಲ್ಲಿ ಖಾತ್ರಿ ಮಾಡಿಕೊಳ್ಳಿ. ಪ್ರೊಪೆಲ್ಲರ್ ಮುಂದೆ ನಿಂತು ಮಾಡುವ ಕೆಲಸವಾದ್ದರಿಂದ ವಿಮಾನದ ಬಾಲ ಕಟ್ಟಿ, ಚಕ್ರಕ್ಕೆ ಅಡ್ಡ ಕೊಟ್ಟು, ಒಳಗೊಬ್ಬರು ಕೂತಿರಬೇಕು.

ಕಾರಿನ ಪ್ಲಗ್ 14 ಮಿಲಿಮೀಟರಿನದು, ಸಿಲಿಂಡರಿನ ತೂತು 18ರದು. ನಡುವೆ ಅಡಾಪ್ಟರ್ ಬೇಕು. ವಿಮಾನದ ಪ್ಲಗ್‌ಗೆ ಕೊಡುವ 35 ಅಡಿ-ಪೌಂಡ್ ಬಿಗಿತವನ್ನು ಕಾರಿನ ಪ್ಲಗ್‌ಗೆ ಕೊಟ್ಟರೆ ಪ್ಲಗ್ ಕತ್ತು ಮುರಿದು ಅಡಾಪ್ಟರಿನಲ್ಲೇ ಉಳಿಯುತ್ತದೆ. ಈ ಪ್ಲಗ್‌ಗಳನ್ನು ತೊಳೆದು ಮತ್ತೆ ಹಾಕುವ ಗೋಜು ಬೇಡ, ವಾರ್ಷಿಕ ತಪಾಸಣೆಗೆ ಬಿಸಾಡಿ ಹೊಸತು ಹಾಕಿ. ಟ್ಯಾಕೋಮೀಟರ್ ಮ್ಯಾಗ್ನೆಟೋದ ಪಿ-ಲೀಡ್‌ನಿಂದ ಎಣಿಸುತ್ತಿದ್ದರೆ ಅದಕ್ಕೆ ಹೊಸ ದಾರಿ ಮಾಡಿಕೊಡಿ. ಇದನ್ನು ಮರೆತವರು ಮೊದಲ ದಿನ ಸೊನ್ನೆ ಆರ್‌ಪಿಎಂ ನೋಡುತ್ತಾರೆ.

ಸ್ಟಾರ್ಟರ್ ತಿರುಗಿಸುವಾಗ ಬ್ಯಾಟರಿಯ ವೋಲ್ಟೇಜ್ ಎಷ್ಟಕ್ಕೆ ಇಳಿಯುತ್ತದೆ ಎಂದು ಒಮ್ಮೆ ಅಳೆದು ಬರೆದಿಡಿ. ಪೆಟ್ಟಿಗೆ ಕೇಳುವ ಕನಿಷ್ಠಕ್ಕಿಂತ ಕೆಳಗಿಳಿದರೆ ಅದರ ಮಿದುಳು ಆಫ್ ಆಗಿ ಮತ್ತೆ ಆನ್ ಆಗುತ್ತದೆ, ಎಲ್ಲೆಲ್ಲೋ ಕಿಡಿ ಹಾರುತ್ತದೆ. ಹೊಸ ಇಗ್ನಿಷನ್ ಕೆಟ್ಟಿದೆ ಎಂದು ದೂರುವ ಎಷ್ಟೋ ಪ್ರಕರಣಗಳಲ್ಲಿ ಕೆಟ್ಟಿರುವುದು ಬ್ಯಾಟರಿ.

ರನ್-ಅಪ್‌ನಲ್ಲಿ ಹೊಸ ಅಂಕಿಗಳು

ಟೇಕಾಫ್ ಮೊದಲು ನೆಲದ ಮೇಲೆ ಎಂಜಿನ್ ಓಡಿಸಿ ನೋಡುವ ಪರೀಕ್ಷೆಯೇ ರನ್-ಅಪ್. ಎರಡು ಮ್ಯಾಗ್ನೆಟೋ ಇದ್ದಾಗ ಒಂದನ್ನು ಆಫ್ ಮಾಡಿದರೆ 175 ಆರ್‌ಪಿಎಂ ಮೀರಿ ಇಳಿಯಬಾರದು, ಎರಡರ ನಡುವಿನ ಅಂತರ 50 ದಾಟಬಾರದು ಎಂಬುದು ಲೈಕಮಿಂಗ್ ಸೂತ್ರ. ಒಂದು ಮ್ಯಾಗ್ನೆಟೋ, ಒಂದು ಎಲೆಕ್ಟ್ರಾನಿಕ್ ಇದ್ದಾಗ ಈ 50ರ ಸೂತ್ರ ಹೊಂದುವುದಿಲ್ಲ. ಮ್ಯಾಗ್ನೆಟೋ ಆಫ್ ಮಾಡಿದರೆ ಮುಳ್ಳು ಅಲುಗುವುದೇ ಕಷ್ಟ, ಎಲೆಕ್ಟ್ರಾನಿಕ್ ಆಫ್ ಮಾಡಿದರೆ ದಿಢೀರ್ ಕುಸಿತ. ಕಾರಣ ಸರಳ. ಎಲೆಕ್ಟ್ರಾನಿಕ್ 32 ಡಿಗ್ರಿಗೇ ಬೆಂಕಿ ಹಚ್ಚಿಬಿಟ್ಟಿರುತ್ತದೆ, 25ಕ್ಕೆ ಬರುವ ಮ್ಯಾಗ್ನೆಟೋ ಕಿಡಿಗೆ ಸುಡಲು ಹೆಚ್ಚೇನೂ ಉಳಿದಿರುವುದಿಲ್ಲ. ಮ್ಯಾಗ್ನೆಟೋ ಸತ್ತೇಹೋಗಿದ್ದರೂ ಹಾರಾಟದಲ್ಲಿ ಗೊತ್ತಾಗದಿರುವುದು ಇದರ ಇನ್ನೊಂದು ಮುಖ. ಆದ್ದರಿಂದ ಪ್ರತಿ ಸಲ ಎಲೆಕ್ಟ್ರಾನಿಕ್ ಆಫ್ ಮಾಡಿ ಮ್ಯಾಗ್ನೆಟೋ ಒಂದರಲ್ಲೇ ಎಂಜಿನ್ ನಯವಾಗಿ ಓಡುತ್ತದೆಯೇ ಎಂದು ನೋಡಲೇಬೇಕು. ಒಂದೇ ಇಗ್ನಿಷನ್‌ನಲ್ಲಿ ನಾಲ್ಕೂ ಸಿಲಿಂಡರಿನ ಎಕ್ಸಾಸ್ಟ್ ಉಷ್ಣತೆ ಏರಬೇಕು. ಮೂರು ಏರಿ ಒಂದು ಬಿದ್ದರೆ ಆ ಸಿಲಿಂಡರಿನ ಪ್ಲಗ್ ಅಥವಾ ವೈರು ಬಿಚ್ಚಿ ನೋಡಿ.

ಪಿ-ಮ್ಯಾಗ್ ಹಾಕಿದವರು ಒಳಗಿನ ಆಲ್ಟರ್ನೇಟರ್ ಕೆಲಸ ಮಾಡುತ್ತಿದೆ ಎಂದು ನಂಬಿ ಕೂರಬಾರದು. 1700 ಆರ್‌ಪಿಎಂಗೆ ತಂದು, ಇನ್ನೊಂದು ಇಗ್ನಿಷನ್ ಆಫ್ ಮಾಡಿ, ಪಿ-ಮ್ಯಾಗ್‌ನ ಹೊರಗಿನ ಕರೆಂಟಿನ ಬ್ರೇಕರ್ ಎಳೆಯಿರಿ. ಎಂಜಿನ್ ನಡೆಯುತ್ತಿರಬೇಕು. ಈಗ ಥ್ರಾಟಲನ್ನು ನಿಧಾನ ಹಿಂದಕ್ಕೆ ತನ್ನಿ. ಎಲ್ಲೋ 900, ಸಾವಿರದ ಹತ್ತಿರ ಎಂಜಿನ್ ತಡವರಿಸುತ್ತದೆ. ಆ ಅಂಕಿಯನ್ನು ದಿನಾಂಕದ ಸಮೇತ ಲಾಗ್‌ಬುಕ್ಕಿನಲ್ಲಿ ಬರೆಯಿರಿ, ಪ್ರತಿ ವಾರ್ಷಿಕ ತಪಾಸಣೆಗೂ ಅದರ ಕೆಳಗೆ ಹೊಸದನ್ನು. ಕಳೆದ ವರ್ಷ 900 ಇದ್ದದ್ದು ಈ ವರ್ಷ 1200 ಆಗಿದ್ದರೆ ಆ ಪೆಟ್ಟಿಗೆ ಬಿಚ್ಚಿ ತಯಾರಕರಿಗೆ ಕಳಿಸುವ ಹೊತ್ತಾಗಿದೆ.